ಹೋಗದ ಬಾರದ ರೈಲು

ಮನೆಯವರೆಲ್ಲ ಅವನನ್ನು ಗಾರ್ಡ್ ಎಂದೇ ಕರೆಯುತ್ತಿದ್ದರು. ಹಾಗಂತ ಅವನು ಯಾವ ರೈಲಿಗೂ ಗಾರ್ಡ್ ಆಗಿದ್ದವನಲ್ಲ. ಟಿಕೆಟ್ ಕೊಂಡು ಹತ್ತಿ, ಇಳಿಯುವ ಕಡೆ ಇಳಿದದ್ದು ಬಿಟ್ಟರೆ ರೈಲಿಗೂ ಅವನಿಗೂ ಎಳ್ಳಷ್ಟೂ ಸಂಬಂಧವಿಲ್ಲ. ಹೊಟ್ಟೆಪಾಡಿಗೆ ಅವನು ಹಲ್ಲು ಮಾಡುತ್ತಿದ್ದ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದೆ, ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ, ಊರವರ ಬಾಯಿಯ ಅಚ್ಚುಗಳನ್ನು ಎದುರಿಗೆ ಸಾಲಾಗಿ ಇಟ್ಟುಕೊಂಡು, ಮೇಣ ತಿದ್ದುತ್ತ, ಅರ ಉಜ್ಜುತ್ತ ಮೂವತ್ತು ವರ್ಷ ಕಳೆದಿದ್ದ. ಅವನು ಮಾಡಿದ ಹಲ್ಲಿನ ಸೆಟ್ ಹಾಕಿಕೊಂಡು ನಗುವವರು ಆ ಊರಲ್ಲಿ ನೂರಾರು ಜನ. ಅವನು ನಕ್ಕದ್ದನ್ನು ಕಂಡವರು ಮಾತ್ರ ಕಡಿಮೆ.

ಗಾರ್ಡ್ ಎಂಬ ಹೆಸರು ಬಂದದ್ದು ಹೀಗೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ರೈಲ್ವೆ ಪರೀಕ್ಷೆ ಬರೆದು ಪಾಸಾಗಿದ್ದ. ಓಡಿಸಿದರು, ಓಡಿದ. ಎದೆ ಅಳೆದರು, ಉಬ್ಬಿಸಿದ. ಕೊನೆಗೆ ಕಣ್ಣಿನ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರೊಳಗೆ ಯಾವ ಅಂಕಿ ಕಾಣುತ್ತಿದೆ ಎಂದು ಕೇಳಿದರು. ಇವನು ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಂಕಿ ಎಲ್ಲಿದೆ ಸಾರ್?" ಎಂದ. ಅಲ್ಲಿಗೆ ಮುಗಿಯಿತು. ಕೆಂಪು ಯಾವುದು, ಹಸಿರು ಯಾವುದು ತಿಳಿಯದವನ ಕೈಗೆ ಬಾವುಟ ಕೊಟ್ಟು ರೈಲಿನ ಹಿಂದೆ ನಿಲ್ಲಿಸಲು ಯಾವ ರೈಲ್ವೆ ತಾನೇ ಒಪ್ಪೀತು? ಮನೆಗೆ ಬಂದು ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾಲ್ಕನೆಯ ದಿನ ಅಕ್ಕ ಬಂದು ಹೊದಿಕೆ ಎಳೆದು, "ಏಳೋ ಗಾರ್ಡೇ, ನಿನ್ನ ಗಾಡಿ ಹೋಗಿ ಮೂರು ದಿನ ಆಯ್ತು" ಎಂದಳು. ಅವಳು ನಗಿಸಲೆಂದು ಹೇಳಿದ್ದು. ಹೆಸರು ಹಾಗೇ ಅಂಟಿಕೊಂಡಿತು.

ಯಾವ ರೈಲ್ವೆಯೂ ತನ್ನನ್ನು ಬೇಡವೆಂದ ಮೇಲೆ ತನ್ನದೇ ಒಂದು ರೈಲ್ವೆ ಮಾಡಿಕೊಳ್ಳುತ್ತೇನೆಂದು ಅವನಿಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಅದರ ಹೆಸರು ಹೊಸಬಾವಿ ರೈಲ್ವೆ. ಹುಡುಕಲು ಹೋಗಬೇಡಿ, ಇಂಥ ರೈಲ್ವೆ ಲೋಕದಲ್ಲಿ ಎಲ್ಲೂ ಇಲ್ಲ, ಎಂದೂ ಇರಲಿಲ್ಲ. ಹೊಸಬಾವಿ ಎಂಬ ಊರನ್ನು ಹುಟ್ಟಿಸಿದವನೂ ಅವನೇ. ಅಲ್ಲೊಂದು ಕಲ್ಲಿನ ಕ್ವಾರಿ, ಒಂದು ಡೈರಿ, ಹೊಳೆ ದಾಟಲು ಮರದ ಸೇತುವೆ. ಹಳಿ ಕಿರಿದು, ಗಾಡಿಗಳು ಗಿಡ್ಡ, ಅವಸರ ಯಾರಿಗೂ ಇಲ್ಲ. ಸಿಗ್ನಲ್ಲಿಗೆ ಬಣ್ಣದ ದೀಪದ ಗೊಡವೆಯೇ ಇಲ್ಲ, ಮರದ ಕೈ ಮಾತ್ರ: ಎತ್ತಿದ್ದರೆ ನಿಲ್ಲು, ಇಳಿಸಿದ್ದರೆ ಹೋಗು. ಈ ರೈಲ್ವೆಗೆ ಹನ್ನೊಂದು ವರ್ಷಗಳಲ್ಲಿ ಅವನು ಏಳು ಗಾಡಿ ಕಟ್ಟಿದ್ದ. ಕಲ್ಲು ಸಾಗಿಸುವ ತೆರೆದ ಗಾಡಿ ಎರಡು, ನೀರಿನ ಟ್ಯಾಂಕು ಒಂದು, ಹಾಲಿನ ಗಾಡಿ ಒಂದು, ಪ್ರಯಾಣಿಕರ ಡಬ್ಬಿ ಎರಡು, ಕೊನೆಗೆ ಗಾರ್ಡಿನ ಗಾಡಿ.

ಅಂಗೈ ಮೇಲೆ ಇಟ್ಟು ತೋರಿಸುವ ಆಟಿಕೆ ಅಂದುಕೊಳ್ಳಬೇಡಿ. ನಿಜದ ಇಪ್ಪತ್ತು ಅಡಿ ಇಲ್ಲಿ ಒಂದು ಅಡಿ. ಒಂದು ಡಬ್ಬಿ ಎತ್ತಲು ಎರಡು ಕೈ ಬೇಕು. ಚಕ್ರ ಮತ್ತು ಗಾಡಿಗೆ ಗಾಡಿ ಸೇರಿಸುವ ಹಿತ್ತಾಳೆಯ ಕೊಕ್ಕೆ, ಇವೆರಡನ್ನು ಬಿಟ್ಟರೆ ಅಂಗಡಿಯಿಂದ ತಂದದ್ದು ಏನೂ ಇಲ್ಲ. ಹಲಗೆಗಳು ಹಣ್ಣಿನ ಪೆಟ್ಟಿಗೆಯವು. ಕಿಟಕಿಯ ಗಾಜು ಅಂದರೆ ಕ್ಲಿನಿಕ್ಕಿನಲ್ಲಿ ಬಿಸಾಡಿದ ಎಕ್ಸ್‌ರೇ ಫಿಲ್ಮು, ತಿಕ್ಕಿ ತಿಕ್ಕಿ ತೊಳೆದದ್ದು. ಬಾಗಿಲಿನ ಹಿಡಿಗಳನ್ನು ಹಲ್ಲಿನ ಕ್ಯಾಪ್ ಎರಕ ಹೊಯ್ಯುವ ಹಾಗೆಯೇ ಮೇಣದಲ್ಲಿ ಕೊರೆದು ಹಿತ್ತಾಳೆಯಲ್ಲಿ ಹೊಯ್ದಿದ್ದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ತಿರುಗಿಸಿದರೆ ತಿರುಗುತ್ತಿದ್ದವು. ಬಣ್ಣದ ಡಬ್ಬಿಗಳ ಮೇಲೆ ಹೆಂಡತಿ ಕಂದು, ಹಸಿರು ಎಂದು ಚೀಟಿ ಅಂಟಿಸಿ ಕೊಡುತ್ತಿದ್ದಳು. ಒಮ್ಮೆ ಚೀಟಿ ಕಿತ್ತುಹೋಗಿ ನೀರಿನ ಟ್ಯಾಂಕಿನ ಒಂದು ಮಗ್ಗುಲು ಕಂದು, ಇನ್ನೊಂದು ಹಸಿರು ಆಯಿತು. "ಹೊಸಬಾವೀಲಿ ಬಣ್ಣ ಕಮ್ಮಿ ಬಿದ್ದಿತ್ತು" ಎಂದು ಅವನು ಅದನ್ನು ಹಾಗೇ ಬಿಟ್ಟ.

ಇಷ್ಟೆಲ್ಲ ಮಾಡಿದವನಿಗೆ ಸಿಕ್ಕಿದ್ದೇನು? ಒಂದು ಪ್ರಶ್ನೆ. ನೋಡಿದವರೆಲ್ಲ ಮೊದಲು ಬಾಗಿಲ ಹಿಡಿ ತಿರುಗಿಸಿ, ಚೆನ್ನಾಗಿದೆ ಎಂದು, ಆಮೇಲೆ ಕೇಳುತ್ತಿದ್ದರು: "ಇದು ಯಾವ ರೈಲ್ವೆದು?" ಹೊಸಬಾವಿ ರೈಲ್ವೆ ಅಂದರೆ, "ಅದೆಲ್ಲಿ ಬರುತ್ತೆ?" ಎಲ್ಲೂ ಇಲ್ಲ ಅಂದರೆ ಅವರ ಮುಖ ಇಳಿಯುತ್ತಿತ್ತು. ಇಂಥ ದೊಡ್ಡ ಅಳತೆಯ ಮಾದರಿ ರೈಲು ಕಟ್ಟುವವರ ಸಂಘವೊಂದಿತ್ತು. ವರ್ಷಕ್ಕೊಮ್ಮೆ ಅವರದು ಪ್ರದರ್ಶನ. ಒಮ್ಮೆ ಅರ್ಜಿ ಹಾಕಿದ. ಅರ್ಜಿಯಲ್ಲಿ "ಮೂಲ ವಾಹನದ ಸಂಖ್ಯೆ ಬರೆದು ಛಾಯಾಚಿತ್ರ ಲಗತ್ತಿಸಿ" ಎಂದಿತ್ತು. ಮೂಲ ವಾಹನ ತನ್ನ ತಲೆಯೊಳಗಿದೆ, ಅದರ ಫೋಟೋ ತೆಗೆಯುವುದು ಹೇಗೆ? ಖಾಲಿ ಬಿಟ್ಟು ಕಳಿಸಿದ. ಅಪೂರ್ಣ ಎಂಬ ಮುದ್ರೆ ಒತ್ತಿ ವಾಪಸು ಬಂತು. ಹೊಟ್ಟೆ ಉರಿದದ್ದು ಮುದ್ರೆಗಲ್ಲ. ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ಅವನ ಭಾವನೇ ಕೂತಿದ್ದರು, ಬಾಯಿಗೆ ಬೀಗ ಹಾಕಿಕೊಂಡು.

ಭಾವ ಅಂದರೆ ಅಕ್ಕನ ಗಂಡ. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಜನರ ಜಮೀನು ಅಳೆದೂ ಅಳೆದೂ ನಿವೃತ್ತರಾದವರು. ನಿವೃತ್ತಿಯಾದರೂ ಅಂಗಿಯ ಜೇಬಿನಲ್ಲಿ ಗೇಣುದ್ದದ ಸ್ಟೀಲ್ ಸ್ಕೇಲು ಇದ್ದೇ ಇರುತ್ತಿತ್ತು. ಅವರ ಹಿತ್ತಲಲ್ಲಿ ಹಳಿಯ ದುಂಡು ದಾರಿ, ಶೆಡ್ಡಿನಲ್ಲಿ ಒಂದು ಇಂಜಿನ್. ಆ ಇಂಜಿನ್ನು ಎಲ್ಲೋ ನಿಲ್ಲಿಸಿಟ್ಟಿದ್ದ ನಿಜದ ಇಂಜಿನ್ನೊಂದರ ನಕಲು. ಭಾವ ಅಲ್ಲಿಗೆ ಹೋಗಿ, ಅದರ ಕೆಳಗೆ ತೂರಿ, ಅಂಗಿಯೆಲ್ಲ ಎಣ್ಣೆ ಮಾಡಿಕೊಂಡು, ತಗಡು ಬಿಗಿದ ಗುಂಡುತಲೆಯ ಮೊಳೆಗಳನ್ನು ರಿವೆಟ್ಟು ರಿವೆಟ್ಟು ಎಣಿಸಿಕೊಂಡು ಬಂದಿದ್ದರು. ಒಟ್ಟು ಇನ್ನೂರ ಹನ್ನೆರಡು. ಅವರ ಇಂಜಿನ್ನಿನಲ್ಲೂ ಇನ್ನೂರ ಹನ್ನೆರಡು. ಬಂದವರಿಗೆಲ್ಲ ಹೇಳುತ್ತಿದ್ದರು, ಬೇಕಾದರೆ ಎಣಿಸಿ ಎನ್ನುತ್ತಿದ್ದರು. ಒಬ್ಬ ಪಾಪದವನು ನಿಜವಾಗಿಯೂ ಕೂತು ಎಣಿಸಿದ್ದ.

ಇಂಜಿನ್ ಒಬ್ಬರದು, ಗಾಡಿ ಇನ್ನೊಬ್ಬರದು. ಹಾಗಾಗಿ ಭಾನುವಾರ ಬಂತೆಂದರೆ ಗಾರ್ಡ್ ಒಂದೆರಡು ಗಾಡಿಯನ್ನೋ, ಏಳನ್ನೂ ಸೇರಿಸಿಯೋ ಚೀಲಗಳಿಗೆ ತುಂಬಿಕೊಂಡು ಅಕ್ಕನ ಮನೆಗೆ ಬರುತ್ತಿದ್ದ. ಹನ್ನೊಂದು ವರ್ಷದಿಂದ ಬರುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಅವನ ಗಾಡಿಗಳು ಆ ಹಿತ್ತಲನ್ನು ಪೂರ್ತಿ ಸುತ್ತು ಹಾಕಿರಲಿಲ್ಲ.

ನೀರಿನ ನಲ್ಲಿಯ ಹತ್ತಿರ ಹಳಿ ಸ್ವಲ್ಪ ಉಬ್ಬಿತ್ತು. ಇಂಜಿನ್ ಆ ಉಬ್ಬು ಹತ್ತಿ ಇಳಿಯುವಾಗ ಟಕ್ ಎಂದು ಒಂದು ಸದ್ದು. ಇಂಜಿನ್ ತನ್ನ ಪಾಡಿಗೆ ತಾನು ಮುಂದೆ, ಗಾಡಿಗಳು ಉಬ್ಬಿನಿಂದ ಹಿಂದಕ್ಕೆ ಜಾರಿ ಬಂದು ನಿಲ್ಲುತ್ತಿದ್ದವು. ಕೊಕ್ಕೆ ಬಿಟ್ಟುಕೊಳ್ಳುತ್ತಿದ್ದದ್ದು ಯಾವಾಗಲೂ ಇಂಜಿನ್ನಿಗೂ ಮೊದಲ ಗಾಡಿಗೂ ನಡುವೆ. ಗಾಡಿಗಾಡಿಗಳ ನಡುವೆ ಎಂದೂ ಅಲ್ಲ. ಹಾಲಿನ ಗಾಡಿ ಮೊದಲಿಟ್ಟ, ಬಿಟ್ಟಿತು. ಟ್ಯಾಂಕು ಮೊದಲಿಟ್ಟ, ಬಿಟ್ಟಿತು. ಸೀಸ ತುಂಬಿ ಭಾರ ಹೆಚ್ಚಿಸಿದ, ಸ್ಪ್ರಿಂಗು ಬದಲಿಸಿದ. ಉಬ್ಬನ್ನು ಅಗೆದು ಸಮ ಮಾಡಿದರೆ ನಲ್ಲಿ ಸೋರಿ ಸೋರಿ ನೆಲ ಮತ್ತೆ ಉಬ್ಬಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಲ್ಲ.

ಈಗ ಅದಕ್ಕೂ ಕೊನೆ ಬಂದಿತ್ತು. ಭಾವನ ಮಂಡಿಗಳು ಕೈಕೊಟ್ಟು, ಬಗ್ಗಿ ಹಳಿ ಮುಟ್ಟಲೂ ಆಗದೆ, ಅವರು ಮತ್ತು ಅಕ್ಕ ಲಿಫ್ಟ್ ಇರುವ ಕಟ್ಟಡದ ಮೂರನೆಯ ಮಹಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

"ಮುಂದಿನ ಭಾನುವಾರಾನೇ ಕೊನೆ" ಎಂದರು ಭಾವ, ಕುರ್ಚಿಯಲ್ಲಿ ಕೂತು. "ಸೋಮವಾರ ಹಳಿ ಕೀಳಿಸ್ತೀನಿ. ಇಂಜಿನ್ ಸಂಘದವರು ಬಂದು ತಗೊಂಡು ಹೋಗ್ತಾರೆ. ಅವರ ಗಾಜಿನ ಬೀರೂಲಿ ಇಡ್ತಾರಂತೆ."

"ಹಾಗಾದ್ರೆ ಇವತ್ತು ಏಳೂ ಗಾಡಿ ಕಟ್ಟೋಣ ಭಾವ. ಒಂದು ಸುತ್ತು. ಒಂದೇ ಒಂದು."

ಕಟ್ಟಿದರು. ಇಂಜಿನ್ ಹೊರಟಿತು. ಪಪ್ಪಾಯಿ ಗಿಡ ದಾಟಿತು, ಬಟ್ಟೆ ಒಗೆಯುವ ಕಲ್ಲು ದಾಟಿತು, ನಲ್ಲಿಯ ಉಬ್ಬು ಹತ್ತಿತು. ಟಕ್.

"ನೋಡಿದ್ಯಾ?" ಎಂದರು ಭಾವ.

"ನೋಡ್ದೆ. ನಿಮ್ಮ ಇಂಜಿನ್ ಹಿಂಭಾಗ ಎದ್ದೇಳ್ತಿದೆ."

"ನನ್ನ ಇಂಜಿನ್ನು ನಕ್ಷೇಲಿರೋ ಹಾಗಿದೆ. ಕೂದಲೆಳೆ ಆಚೆ ಈಚೆ ಇಲ್ಲ. ನಿನ್ನ ಗಾಡೀದು ನಕ್ಷೆ ಎಲ್ಲಪ್ಪಾ? ತೋರ್ಸು, ಸ್ಕೇಲ್ ಹಿಡಿದು ನೋಡ್ತೀನಿ."

"ನಕ್ಷೆ ನನ್ನ ತಲೇಲಿದೆ."

"ಅದಕ್ಕೇ ನಾನು ಹನ್ನೊಂದು ವರ್ಷದಿಂದ ಸ್ಕೇಲ್ ಹಿಡಿದಿಲ್ಲ. ಇಲ್ಲದ ರೈಲಿಗೆ ಅಳತೆ ಏನು ಹಿಡಿಯೋದು? ನಿನ್ನ ಕೈಯಲ್ಲೇ ಅಳತೆ ಇಲ್ಲ, ಗಾರ್ಡೇ. ಹೊ.ಬಾ.ರೈ. ಅಂತ ಬರ್ಕೊಂಡಿದ್ಯಲ್ಲ ಡಬ್ಬಿ ಮೇಲೆ, ಸರಿಯಾಗೇ ಇದೆ. ಹೋಗದ ಬಾರದ ರೈಲು."

ಈ ಜೋಕನ್ನು ಗಾರ್ಡ್ ನಾನೂರು ಸಲವಾದರೂ ಕೇಳಿರಬೇಕು. ಒಮ್ಮೆಯೂ ಭಾವನ ಬಾಯಲ್ಲಿ ಹೊಸಬಾವಿ ಎಂಬ ಹೆಸರು ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದ ಅಕ್ಕ, "ಬಿಟ್ಕೋತಿರೋದು ಕೊಕ್ಕೆ ಅಲ್ಲ, ನಿಮ್ಮಿಬ್ಬರ ತಲೆ ನಟ್ಟು. ಒಳಗೆ ಬನ್ನಿ, ಟೀ ಆರ್ತಿದೆ" ಎಂದಳು. ಅವನು ಟೀ ಕುಡಿಯದೆ ಗಾಡಿಗಳನ್ನು ಚೀಲಗಳಿಗೆ ತುಂಬಿಕೊಂಡು ಹೊರಟುಬಿಟ್ಟ.

ಅವನನ್ನು ಹೆಚ್ಚು ಕೆರಳಿಸುತ್ತಿದ್ದದ್ದು ಕೈಯಲ್ಲಿ ಅಳತೆ ಇಲ್ಲ ಎಂಬ ಮಾತು. ಅಳತೆಯ ವಿಷಯದಲ್ಲಿ ಅವನಷ್ಟು ನಿಯತ್ತಿನ ಮನುಷ್ಯ ಇರಲಿಲ್ಲ. ಗಾಡಿ ಕಟ್ಟಲು ಶುರು ಮಾಡಿದ ಹೊಸದರಲ್ಲಿ ಭಾವನೇ ಮಡಚಿದ ಒಂದು ಕಾಗದ ಕೊಟ್ಟಿದ್ದರು, ಅವರ ಪುಸ್ತಕದಿಂದ ಜೆರಾಕ್ಸ್ ಮಾಡಿಸಿದ ಅಳತೆಪಟ್ಟಿ. ಅದರಲ್ಲಿ ಮಿಲಿಮೀಟರು, ಇಂಚು ಏನೂ ಇಲ್ಲ. ಒಂದೊಂದು ಗೆರೆಯೂ ರೈಲಿನ ಲೋಕದ ಒಂದು ಅಡಿ. ಲೆಕ್ಕ ಹಾಕುವ ಕೆಲಸವೇ ಇಲ್ಲ: ಬಾಗಿಲು ಆರಡಿ ಇರಬೇಕೋ, ಆರು ಗೆರೆ ಎಣಿಸಿ ಕೊಯ್ಯಿ. ಅದನ್ನು ತೆಳು ಹಲಗೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಏಳು ಗಾಡಿಗಳ ಒಂದೊಂದು ತುಂಡನ್ನೂ ಅದರಲ್ಲೇ ಅಳೆದಿದ್ದ. ಹಳಿಯಿಂದ ಕೊಕ್ಕೆಗೆ ಎರಡೂವರೆ ಅಡಿ. ಪುಸ್ತಕ ಹೇಳಿದ್ದೂ ಅದೇ, ಭಾವನ ಇಂಜಿನ್ನಿನಲ್ಲಿದ್ದದ್ದೂ ಅದೇ.

ಗುರುವಾರ ಕ್ಲಿನಿಕ್ಕಿಗೆ ನಿವೃತ್ತ ಟೀಚರಮ್ಮ ಒಬ್ಬರು ಬಂದರು. ಗಾರ್ಡ್ ಮಾಡಿದ ಸೆಟ್ಟು, ಮೂರನೆಯ ಸಲ ದೂರು. "ಮಾತಾಡಿದ್ರೆ ಮೇಲಿನ ಸಾಲು ಎದ್ದು ಬರುತ್ತೆ. ನಿನ್ನೆ ಒಬ್ಬನನ್ನ ಬೈತಾ ಇದ್ದೆ, ಅರ್ಧ ಬೈಗುಳಕ್ಕೇ ಹಲ್ಲು ಕೈಗೆ ಬಂತು" ಎಂದು ಅವರು ಡಾಕ್ಟರಿಗೆ ಹೇಳುತ್ತಿದ್ದರು. ಡಾಕ್ಟರು ಗಾರ್ಡನ್ನು ಒಳಗೆ ಕರೆದರು. ಒತ್ತಿದಲ್ಲಿ ಬಣ್ಣ ಬಿಡುವ ನೀಲಿ ಕಾಗದದ ಒಂದು ಪಟ್ಟಿಯನ್ನು ಟೀಚರಮ್ಮನ ಹಲ್ಲುಗಳ ನಡುವೆ ಇಟ್ಟು, "ಕಚ್ಚಿ. ಇನ್ನೊಂದ್ಸಲ" ಎಂದರು. ತೆಗೆದು ನೋಡಿದರೆ ಎಡಗಡೆಯ ಒಂದು ಹಲ್ಲಿನ ಮೇಲೆ ಮಾತ್ರ ನೀಲಿ ಚುಕ್ಕೆ. ಅಲ್ಲಿ ಎತ್ತರ ಜಾಸ್ತಿ, ಬೇರೆ ಯಾವ ಹಲ್ಲೂ ಸರಿಯಾಗಿ ತಾಗುತ್ತಲೇ ಇಲ್ಲ. ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ಕಂಡುಹಿಡಿಯಲು ಮೂವತ್ತು ವರ್ಷದಿಂದ ದಿನವೂ ಮಾಡುವ ಕೆಲಸವೇ ಇದು. ಗಾರ್ಡ್ ಆ ನೀಲಿ ಚುಕ್ಕೆಯನ್ನು ನೋಡುತ್ತ ನಿಂತವನು, "ಥತ್" ಎಂದು ಹಣೆ ಚಚ್ಚಿಕೊಂಡ.

"ಯಾರಿಗೆ ಥತ್ ಅಂದಿದ್ದು?" ಎಂದರು ಟೀಚರಮ್ಮ.

"ನನಗೇ ಮೇಡಂ, ನನಗೇ" ಎಂದ.

ಸಂಜೆ ಹಾಲಿನ ಗಾಡಿಯನ್ನು ಚೀಲದಲ್ಲಿಟ್ಟುಕೊಂಡು, ಜೇಬಿನಲ್ಲಿ ನೀಲಿ ಕಾಗದದ ಕಟ್ಟು ಇಟ್ಟುಕೊಂಡು ಅಕ್ಕನ ಮನೆಗೆ ಹೋದ. ಭಾವ ಹೊಸ ಮನೆಯ ಬಾಗಿಲು ಕಿಟಕಿ ಅಳೆಯಲು ಹೋಗಿದ್ದರು, ಅಳೆಯದೆ ಇರುತ್ತಾರೆಯೇ. ಅಕ್ಕ ಶೆಡ್ಡಿನ ಬೀಗ ತೆಗೆದುಕೊಟ್ಟಳು. ಮೇಜಿನ ಮೇಲಿದ್ದ ತುಂಡು ಹಳಿಯಲ್ಲಿ ಇಂಜಿನ್ ನಿಲ್ಲಿಸಿ, ಅದರ ಹಿಂದೆ ಹಾಲಿನ ಗಾಡಿ ನಿಲ್ಲಿಸಿ, ಎರಡು ಕೊಕ್ಕೆಗಳ ನಡುವೆ ನೀಲಿ ಕಾಗದ ತೂರಿಸಿ ಎಳೆದ. ತೆಗೆದು ನೋಡಿದ. ಇಂಜಿನ್ನಿನ ಕೊಕ್ಕೆಯ ಕೆಳ ಅಂಚಿನಲ್ಲಿ ಒಂದು ನೂಲಿನಷ್ಟು ನೀಲಿ. ಗಾಡಿಯ ಕೊಕ್ಕೆಯಲ್ಲಿ ಮೇಲಿನ ಅಂಚಿನಲ್ಲಿ ಅಷ್ಟೇ. ಕೊಕ್ಕೆಯ ಮುಖ ಪೂರ್ತಿ ಹಿಡಿಯಬೇಕಾದ್ದು, ತುದಿಗೆ ತುದಿ ತಾಗಿಸಿಕೊಂಡು ನಿಂತಿತ್ತು. ನೆಲ ಸಮ ಇರುವಷ್ಟು ಹೊತ್ತು ಎಳೆಯುತ್ತದೆ, ಉಬ್ಬು ಬಂದರೆ ಜಾರುತ್ತದೆ. ಅವನ ಗಾಡಿ ತಗ್ಗಾಗಿತ್ತು.

ಮನೆಗೆ ಬಂದು ಊಟದ ಮೇಜಿನ ಮೇಲೆ ಏಳೂ ಗಾಡಿ ಸಾಲು ನಿಲ್ಲಿಸಿದ. ಕ್ಲಿನಿಕ್ಕಿನಿಂದ ತಂದ, ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಹಿಡಿದು ಒಂದೊಂದೇ ಕೊಕ್ಕೆ ಅಳೆದ. ಮೂವತ್ತೆಂಟು ಮಿಲಿಮೀಟರ್ ಇರಬೇಕಾದ್ದು ಮೂವತ್ತೇಳು. ಹದಿನಾಲ್ಕು ಕೊಕ್ಕೆಯೂ ಮೂವತ್ತೇಳು. ಕಾಗದದ ಪಟ್ಟಿ ಹಿಡಿದರೆ ಹದಿನಾಲ್ಕೂ ಕರಾರುವಾಕ್ಕಾಗಿ ಎರಡೂವರೆ ಅಡಿ. ಆಮೇಲೆ ಹನ್ನೊಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದ: ವರ್ನಿಯರಿನ ಮೂತಿಯನ್ನು ಕಾಗದ ಪಟ್ಟಿಯ ಮೇಲೇ ಇಟ್ಟ. ಒಂದು ಅಡಿಯ ಗೆರೆ ಹದಿನೈದೂಕಾಲು ಮಿಲಿಮೀಟರ್ ಇರಬೇಕು. ಹದಿನೈದೂ ಇರಲಿಲ್ಲ. ನೂರಕ್ಕೆ ಮೂರು ಪಾಲು ಕಡಿಮೆ. ಜೆರಾಕ್ಸ್ ಮಾಡುವಾಗ ಕುಗ್ಗಿತ್ತು.

"ಏನ್ರೀ, ಹೀಗೆ ಕೂತಿದೀರ? ಯಾರಿಗೇನಾಯ್ತು?" ಎಂದು ಹೆಂಡತಿ ಒಳಗಿನಿಂದ ಬಂದಳು.

"ಹೊಸಬಾವಿ ಕುಗ್ಗಿಹೋಗಿದೆ."

"ಒಗೆದ ಬಟ್ಟೇನಾ ಅದು, ಕುಗ್ಗೋಕೆ?"

"ಇಡೀ ರೈಲ್ವೆ ಕಣೇ. ಬಾಗಿಲು, ಬೆಂಚು, ಚಾವಣಿ ಎಲ್ಲ. ಹನ್ನೊಂದು ವರ್ಷದಿಂದ ಆ ಜನ ತಲೆ ಬಗ್ಗಿಸ್ಕೊಂಡು ಹತ್ತಿ ಇಳೀತಿದಾರೆ. ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ."

ಹೆಂಡತಿಗೆ ನಗು ಬಂತು. ಅವನ ಮುಖ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಶುಕ್ರವಾರ, ಶನಿವಾರ ಅವನು ಕೆಂಡ ತುಳಿದವನ ಹಾಗೆ ಓಡಾಡಿದ. ದಿನಾ ಬೆಳಗಾದರೆ ಬೇರೆಯವರ ಬಾಯಲ್ಲಿ ಕೂದಲೆಳೆಯಷ್ಟು ಎತ್ತರ ತಗ್ಗು ಹಿಡಿಯುವವನು ತನ್ನ ಅಳತೆಪಟ್ಟಿಯನ್ನೇ ಅಳೆದು ನೋಡಲಿಲ್ಲವಲ್ಲ ಎಂದು ಮೈ ಪರಚಿಕೊಳ್ಳುವಷ್ಟು ಸಿಟ್ಟು. ಸಿಟ್ಟು ನಿಧಾನಕ್ಕೆ ತನ್ನಿಂದ ಜಾರಿ ಭಾವನ ಮೇಲೆ ಹೋಗಿ ಕೂತಿತು. ಕಾಗದ ಕೊಟ್ಟವರು ಯಾರು? ಅವರೇ. ಕೈಯಲ್ಲಿ ಅಳತೆ ಇಲ್ಲ ಎಂದು ಹನ್ನೊಂದು ವರ್ಷ ಹಂಗಿಸಿದವರು ಯಾರು? ಅವರೇ. ಬೇಕಂತಲೇ ಕೊಟ್ಟಿದ್ದರೋ ಏನೋ, ಹೇಳಲಾಗದು ಎಂದೂ ಅನ್ನಿಸಿತು. ಮಾತು ತಯಾರು ಮಾಡಿಕೊಂಡ. "ಅಳತೆ ಇಲ್ಲದ್ದು ನನ್ನ ಕೈಯಲ್ಲಲ್ಲ ಭಾವ, ನಿಮ್ಮ ಕಾಗದದಲ್ಲಿ." ಹಲ್ಲು ಉಜ್ಜುವಾಗ ಹೇಳಿ ನೋಡಿದ, ಬಸ್ಸಿನಲ್ಲಿ ತುಟಿಯೊಳಗೇ ಹೇಳಿ ನೋಡಿದ. ಜೊತೆಗೆ ಮೊದಲ ಗಾಡಿಯ ಕೊಕ್ಕೆಯನ್ನು ಎತ್ತರಿಸಲು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿದ. ಕೈಗೆ ಸಿಕ್ಕಿದ್ದು ವಸಡು ಮಾಡುವ ಗುಲಾಬಿ ಪ್ಲಾಸ್ಟಿಕ್ಕು, ಅದರಲ್ಲೇ ಮಾಡಿದ.

ಭಾನುವಾರ ಹಿತ್ತಲಲ್ಲಿ ಆಗಲೇ ಹಳಿ ತುಂಬಿಡಲು ಖಾಲಿ ಪೆಟ್ಟಿಗೆಗಳು ಬಂದು ಕೂತಿದ್ದವು. ಗಾರ್ಡ್ ಏಳು ಗಾಡಿಗಳನ್ನೂ ಹಳಿಯ ಮೇಲಿಟ್ಟ. ಹಾಲಿನ ಗಾಡಿಯನ್ನು ಮಗುಚಿ, ಕೊಕ್ಕೆ ಬಿಚ್ಚಿ, ಗುಲಾಬಿ ಬಿಲ್ಲೆ ಇಡಲು ಹೊರಟ.

"ಏನದು, ಗಾಡಿಗೂ ಹಲ್ಲಿನ ಸೆಟ್ ಕಟ್ತಿದೀಯಾ?" ಎಂದರು ಭಾವ.

"ಕೊಕ್ಕೆ ಒಂದು ಮಿಲಿಮೀಟರ್ ತಗ್ಗಿದೆ. ಹದಿನಾಲ್ಕೂ ತಗ್ಗಿದೆ."

ಭಾವನ ಮುಖ ಅರಳಿತು. "ನಾನು ಹೇಳ್ತಿರಲಿಲ್ವಾ? ಹನ್ನೊಂದು ವರ್ಷ ಬಡ್ಕೊಂಡೆ. ಕೈಯಲ್ಲಿ..."

ಗಾರ್ಡ್ ಎದ್ದು ನಿಂತ. ಚೀಲದಿಂದ ಅಳತೆಪಟ್ಟಿ ತೆಗೆದು ಭಾವನ ತೊಡೆಯ ಮೇಲಿಟ್ಟ. "ನಿಮ್ಮ ಸ್ಟೀಲ್ ಸ್ಕೇಲ್ ತೆಗೆದು ಇದನ್ನ ಅಳೀರಿ ಭಾವ. ಇದು ನೀವು ಕೊಟ್ಟಿದ್ದು."

ಭಾವ ಕನ್ನಡಕ ಏರಿಸಿ ಅಳೆದರು. ಮತ್ತೊಮ್ಮೆ ಅಳೆದರು. ಹತ್ತು ಗೆರೆಗೆ ಒಟ್ಟಿಗೆ ಸ್ಕೇಲು ಹಿಡಿದು ನೋಡಿದರು. ಗಾರ್ಡ್ ತಯಾರು ಮಾಡಿಕೊಂಡು ಬಂದಿದ್ದ ಮಾತು ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಅಕ್ಕ ಟೀ ತಟ್ಟೆ ಹಿಡಿದು ಬಂದವಳು ಬಗ್ಗಿ ನೋಡಿದಳು.

"ಅಯ್ಯೋ, ಇದಿನ್ನೂ ಇಟ್ಕೊಂಡಿದೀಯಾ? ಇದನ್ನ ಜೆರಾಕ್ಸ್ ಮಾಡಿಸ್ಕೊಂಡು ಬಂದಿದ್ದೇ ನಾನು. ಪುಸ್ತಕದ ಹಾಳೆ ದೊಡ್ಡದು, ಜೆರಾಕ್ಸಲ್ಲಿ ಕೊನೆ ಎರಡು ಗೆರೆ ಕಟ್ಟಾಗ್ತಿತ್ತು. ಒಂದು ಗೆರೆಯೂ ಬಿಡಬಾರದು ಅಂತ ಇವರು ಸಾರಿ ಸಾರಿ ಹೇಳಿದ್ರಲ್ಲ. ಅಂಗಡಿಯವನಿಗೆ, ಸ್ವಲ್ಪ ಚಿಕ್ಕದು ಮಾಡಿ ಎಲ್ಲಾನೂ ಹಿಡಿಸಪ್ಪಾ ಅಂದೆ. ಹಿಡಿಸಿಕೊಟ್ಟ. ಎಲ್ಲಾ ಗೆರೆ ಇದ್ಯಲ್ಲ, ಎಣಿಸ್ಕೋ ಬೇಕಾದ್ರೆ."

ಇಬ್ಬರೂ ಅವಳ ಮುಖ ನೋಡಿದರು.

"ಯಾಕೆ?" ಎಂದಳು ಅಕ್ಕ. "ಏನಾಯ್ತು?" ಅವಳು ಕಾಗದ ನೋಡಿದಳು, ಅದರ ಮೇಲಿದ್ದ ಸ್ಟೀಲ್ ಸ್ಕೇಲು ನೋಡಿದಳು, ಮಗುಚಿಟ್ಟ ಗಾಡಿ ನೋಡಿದಳು. ಟೀ ತಟ್ಟೆಯನ್ನು ನಿಧಾನಕ್ಕೆ ಕಲ್ಲಿನ ಮೇಲಿಟ್ಟಳು. "ಇದಕ್ಕೇನಾ?" ಎಂದಳು. "ಇಷ್ಟು ವರ್ಷ ನೀವಿಬ್ರು ಕಚ್ಚಾಡಿದ್ದು ಇದಕ್ಕೇನಾ? ನಂಗೇನು ಗೊತ್ತಿತ್ತೋ ತಮ್ಮಾ."

ಭಾವನ ಮೇಲೆ ಎತ್ತಿ ಹಾಕಲು ಹೊತ್ತು ತಂದಿದ್ದ ಸಿಟ್ಟನ್ನು ಇಳಿಸಲು ಈಗ ಜಾಗವೇ ಇರಲಿಲ್ಲ. ಹೊದಿಕೆ ಎಳೆದು ಎಬ್ಬಿಸಿದ ಅಕ್ಕನನ್ನು ಬೈಯುವುದು ಹೇಗೆ? "ಏನೂ ಇಲ್ಲ ಬಿಡಕ್ಕ, ಒಂದು ಬಿಲ್ಲೆ ಇಟ್ರೆ ಸರಿಹೋಗುತ್ತೆ" ಎಂದು ಮತ್ತೆ ಕೂತು, ಎದ್ದಾಗ ಕೈಯಿಂದ ಬಿದ್ದಿದ್ದ ಗುಲಾಬಿ ಬಿಲ್ಲೆಯನ್ನು ಹುಡುಕತೊಡಗಿದ. ಕಣ್ಣು ಮಂಜಾಗಿ ಅದು ಹುಲ್ಲಿನಲ್ಲಿ ಕಾಣಿಸಲಿಲ್ಲ.

"ಅದನ್ನ ಬಿಡು" ಎಂದರು ಭಾವ. "ಹದಿನಾಲ್ಕೂ ಒಂದೇ ಎತ್ತರಾನಾ?"

"ಒಂದೇ."

"ಸರಿಯಾಗಿ ಅಳೆದಿದ್ಯಾ?"

"ವರ್ನಿಯರಲ್ಲಿ."

ಭಾವ ಕುರ್ಚಿಯ ಕೈ ಹಿಡಿದು ಎದ್ದರು. ಮಂಡಿಗಳಿಂದ ಲಟಕ್ ಎಂದು ಸದ್ದು ಬಂತು. ಎಷ್ಟೋ ತಿಂಗಳಿಂದ ಬಗ್ಗದವರು ಬಗ್ಗಿ, ಇಂಜಿನ್ನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಮಲಗಿಸಿಕೊಂಡರು. "ನಿನ್ನ ಹಲ್ಲಿನ ಅರ ಕೊಡು, ಸಣ್ಣದು" ಎಂದರು.

"ಯಾಕೆ?"

"ಹದಿನಾಲ್ಕು ಒಂದು ಹೇಳ್ತಿವೆ. ಬೇರೆ ಹೇಳ್ತಿರೋದು ನನ್ನದೊಂದೇ. ಬದಲಾಯಿಸಬೇಕಾದ್ದು ಯಾವುದು? ನೀನೇ ಹೇಳು."

ಗಾರ್ಡ್ ಗಾಬರಿಯಾದ. ಇಂಜಿನ್ನಿನ ಹಿಂಭಾಗದಲ್ಲಿ ಕೊಕ್ಕೆ ತೂರುವ ಚೌಕದ ತೂತು, ಅದರ ಕೆಳಗೇ ಅಂಟಿಕೊಂಡ ಹಾಗೆ ಎರಡು ರಿವೆಟ್ಟು. ಕೊಕ್ಕೆ ಇಳಿಸಬೇಕೆಂದರೆ ಎರಡೂ ಹೋಗುತ್ತವೆ. "ಭಾವ, ಬೇಡ. ರಿವೆಟ್ ಹೋಗುತ್ತೆ. ನಾಳೆ ಸಂಘದವರು ಬರ್ತಾರೆ. ಎಣಿಸ್ತಾರೆ."

"ಅರ ಕೊಡು ಅಂದೆ."

ಕೊಟ್ಟ. ಭಾವ ಉಜ್ಜಿದರು. ಉಕ್ಕಿನ ಪುಡಿ ಅವರ ಬಿಳಿ ಪಂಚೆಯ ಮೇಲೆ ಉದುರಿತು. ಮೊದಲ ರಿವೆಟ್ಟಿನ ತಲೆ ಹಾರಿತು, ಸ್ವಲ್ಪ ಹೊತ್ತಿಗೆ ಎರಡನೆಯದು. ನಡುನಡುವೆ ನಿಲ್ಲಿಸಿ ಸ್ಟೀಲ್ ಸ್ಕೇಲು ಹಿಡಿಯುತ್ತಿದ್ದರು, ಆಮೇಲೆ ಅದನ್ನು ಜೇಬಿಗೆ ಹಾಕಿ, ಕಾಗದದ ಪಟ್ಟಿಯನ್ನೇ ಹಿಡಿದು ನೋಡಿದರು. ಟೀ ಆರಿ ಕೆನೆ ಕಟ್ಟಿತು. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

ಕೊಕ್ಕೆ ಕೂರಿಸಿ, ಇಂಜಿನ್ ಹಳಿಗೆ ಇಳಿಸಿ, ಏಳು ಗಾಡಿ ಕಟ್ಟಿದರು. ಗಾರ್ಡ್ ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಇಂಜಿನ್ ಪಪ್ಪಾಯಿ ಗಿಡ ದಾಟಿತು, ಬಟ್ಟೆ ಕಲ್ಲು ದಾಟಿತು, ಉಬ್ಬು ಹತ್ತಿತು. ಅವನು ಟಕ್ ಎನ್ನುವ ಸದ್ದಿಗೆ ಹಲ್ಲು ಕಚ್ಚಿಕೊಂಡು ಕಾದ. ಇಂಜಿನ್ ಇಳಿಯಿತು, ಹಾಲಿನ ಗಾಡಿ ಇಳಿಯಿತು, ಟ್ಯಾಂಕು ಇಳಿಯಿತು, ಒಂದೊಂದಾಗಿ ಏಳೂ ಇಳಿದವು. ಕೊನೆಯ ಗಾಡಿಯ ಪುಟ್ಟ ಬಾಗಿಲು ಅವನ ಮೊಣಕಾಲ ಪಕ್ಕದಲ್ಲೇ ಹಾದುಹೋಯಿತು. ರೈಲು ಶೆಡ್ಡಿನ ಮುಂದೆ ಬಂದು, ಹೊರಟ ಜಾಗವನ್ನು ದಾಟಿ, ಎರಡನೆಯ ಸುತ್ತಿಗೆ ಹೋಯಿತು.

ಅವನು ಈ ಗಳಿಗೆಯನ್ನು ಎಷ್ಟೋ ಸಲ ನೆನೆಸಿಕೊಂಡಿದ್ದ. ಕುಣಿಯುತ್ತೇನೆ ಅಂದುಕೊಂಡಿದ್ದ. ಕುಣಿಯುವುದಿರಲಿ, ನಲ್ಲಿಯ ಪಕ್ಕದಿಂದ ಏಳಲೂ ಇಲ್ಲ. "ಹನ್ನೊಂದು ವರ್ಷ ಅಕ್ಕಾ" ಎಂದ. "ನಾಳೆ ಹಳಿ ಕೀಳ್ತಾರೆ, ಇವತ್ತು ಓಡ್ತಿದೆ. ಯಾರಿಗೆ ಹೇಳಲಿ ಇದನ್ನ?" ಅಕ್ಕ ಬಂದು ಅವನ ಬೆನ್ನ ಮೇಲೆ ಕೈ ಇಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಕುರ್ಚಿಯಲ್ಲಿ ಭಾವ ಪಂಚೆಯ ಮೇಲಿನ ಉಕ್ಕಿನ ಪುಡಿ ಕೊಡವಿ ಫೋನ್ ತೆಗೆದರು. ಸಂಘದ ಕಾರ್ಯದರ್ಶಿಗೆ ಎಂದು ಮಾತಿನಿಂದಲೇ ತಿಳಿಯಿತು.

"ನಾಳೆ ಬರಬೇಡಿ. ಇಂಜಿನ್ ಕೊಡಕ್ಕಾಗಲ್ಲ... ಇಲ್ಲ, ಕೆಟ್ಟಿಲ್ಲ, ಓಡ್ತಾ ಇದೆ. ಎರಡು ರಿವೆಟ್ ಇಲ್ಲ, ಇನ್ನೂರ ಹತ್ತಿದೆ... ಬಿದ್ದುಹೋಗಿಲ್ಲ, ನಾನೇ ತೆಗೆದೆ. ಕೊಕ್ಕೆ ಇಳಿಸಬೇಕಿತ್ತು... ಗೊತ್ತು, ನಿಮ್ಮ ಗಾಡಿಗೆ ಸೇರಲ್ಲ. ಇದು ಈಗ ಬೇರೆ ರೈಲ್ವೆದು."

ಆ ಕಡೆಯಿಂದ ಎಲ್ಲರೂ ಕೇಳುವ ಪ್ರಶ್ನೆಯೇ ಬಂದಿರಬೇಕು. ಭಾವ ಕನ್ನಡಕ ಸರಿಮಾಡಿಕೊಂಡು, ಎದುರಿಗೆ ಹಾದುಹೋಗುತ್ತಿದ್ದ ಡಬ್ಬಿಯ ಮೇಲಿನ ಅಕ್ಷರಗಳನ್ನು ನೋಡಿದರು.

"ಹೊಸಬಾವಿ ರೈಲ್ವೆ" ಎಂದರು. "ಅವರ ಲೈನಲ್ಲಿ ಕೊಕ್ಕೆ ಸ್ವಲ್ಪ ಕೆಳಗೇ ಇರುತ್ತೆ."

ಫೋನ್ ಇಟ್ಟು, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು. ಗಾರ್ಡ್ ತಲೆ ಎತ್ತಲಿಲ್ಲ. ರೈಲು ಮೂರನೆಯ ಸಲ ನಲ್ಲಿಯ ಹತ್ತಿರ ಬರುತ್ತಿತ್ತು, ಅವನು ಅದರ ಕೊಕ್ಕೆ ನೋಡುತ್ತಿದ್ದ.